ಬಲಕ್ಕೆ ಹೋಗುವ ಚೆಂಡು

ನನ್ನ ತಮ್ಮ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಗಾಜನ್ನು ಅಳತೆಗೆ ತೇಯ್ದು ಫ್ರೇಮಿಗೆ ಕೂರಿಸುವುದು, ಯಾರೋ ಮೇಲೆ ಕೂತು ಸೊಟ್ಟ ಮಾಡಿಕೊಂಡು ತಂದ ಕನ್ನಡಕವನ್ನು ನೆಟ್ಟಗೆ ಮಾಡಿಕೊಡುವುದು ಅವನ ಕೆಲಸ. ಕಂಡವರ ಮೂಗಿನ ಮೇಲೆ ಎಲ್ಲವನ್ನೂ ನೆಟ್ಟಗೆ ಕೂರಿಸುವ ಈ ಮಹಾರಾಯನಿಗೆ ಗಾಲ್ಫ್ ಚೆಂಡನ್ನು ಮಾತ್ರ ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ.

ಗಾಲ್ಫ್ ಅಂದ ಕೂಡಲೇ ನಮ್ಮನ್ನು ದೊಡ್ಡ ಕುಳ ಅಂದುಕೊಳ್ಳಬೇಡಿ. ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಓಡಿಸಿ ನಿವೃತ್ತರಾದವರು. ಸೋಮವಾರ ಮೈದಾನಕ್ಕೆ ರಜೆ. ಅವತ್ತು ಬೆಳಿಗ್ಗೆ ಅಲ್ಲಿನ ಕೆಲಸಗಾರರು, ಹಳಬರು, ಅವರ ಮನೆಯವರು ಬೇಕಾದರೆ ಆಡಿಕೊಳ್ಳಬಹುದು. ಕನ್ನಡಕದ ಅಂಗಡಿಗೂ ಸೋಮವಾರವೇ ರಜೆ. ಮದುವೆಯಾದ ಹೊಸದರಲ್ಲಿ ಮಾವ ಯಾರೋ ಬಿಟ್ಟುಹೋಗಿದ್ದ ಹಳೇ ಕೋಲುಗಳ ಚೀಲವೊಂದನ್ನು ಅಳಿಯನ ಹೆಗಲಿಗೆ ಏರಿಸಿದರು. ಅಲ್ಲಿಂದ ಶುರುವಾಯಿತು ಈ ಹುಚ್ಚು.

ಆಟದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ. ತಮ್ಮ ಹೊಡೆದ ಚೆಂಡು ಮೊದಲು ನೇರ ಹೋಗುವ ಹಾಗೆ ನಾಟಕವಾಡಿ, ಆಮೇಲೆ ಬಲಕ್ಕೆ ಹೊರಳಿಕೊಂಡು ಮರಗಳ ಸಾಲಿಗೆ ನುಗ್ಗುತ್ತದೆ. ಅದಕ್ಕೆ ಸ್ಲೈಸ್ ಅನ್ನುತ್ತಾರಂತೆ. ಅವನ ಹೆಂಡತಿ ಆಡುತ್ತಿರಲಿಲ್ಲ, ಹುಡುಕುತ್ತಿದ್ದಳು. ಚೆಂಡು ಹೊರಳುವುದು ಕಂಡರೆ ಸಾಕು, ಅವಳು ಮರಗಳ ಕಡೆ ಹೊರಟಿರುತ್ತಿದ್ದಳು. ಹಿಂದೆ ಇವನು. ಸ್ವಲ್ಪ ಹೊತ್ತಿಗೆ ಒಳಗಿನಿಂದ "ಸಿಕ್ತು!" ಅಂತ ಅವಳ ಕೂಗು ಕೇಳುತ್ತಿತ್ತು. ಮಾವ ಹುಲ್ಲಿನ ಮಧ್ಯೆ ಒಬ್ಬರೇ ನಿಂತು, "ಅಳಿಯಂದ್ರೇ, ನಿಮಗೆ ಹೊಡಿಯೋಕೆ ಬರಲ್ಲ, ನನ್ನ ಮಗಳಿಗೆ ಅಲೆಯೋದು ತಪ್ಪಲ್ಲ" ಅಂತ ರೇಗುತ್ತಿದ್ದರಂತೆ. ಬೈಯುವಾಗಲೂ ಬಹುವಚನ ಬಿಡದ ಮನುಷ್ಯ. ಚೆಂಡು ಸಿಕ್ಕ ಮೇಲೂ ಗಂಡ ಹೆಂಡತಿ ಬೇಗ ಆಚೆ ಬರುತ್ತಿರಲಿಲ್ಲ ಅನ್ನುವುದು ಅವರ ಇನ್ನೊಂದು ದೂರು.

ಅವಳು ಆಸ್ಪತ್ರೆಗೆ ಸೇರಿದಳು, ಮನೆಗೆ ವಾಪಸ್ ಬರಲಿಲ್ಲ. ಅದರ ಬಗ್ಗೆ ಹೆಚ್ಚು ಹೇಳಲಾರೆ. ನಾನು ನನ್ನ ಹೊಲಿಗೆ ಮಿಷನ್ ಹೊತ್ತುಕೊಂಡು ತಮ್ಮನ ಮನೆಗೆ ಬಂದೆ. ನನಗೆ ಗಂಡನೂ ಇಲ್ಲ, ಬಾಡಿಗೆ ಮನೆಯ ಮೇಲೆ ವ್ಯಾಮೋಹವೂ ಇಲ್ಲ. ಸುತ್ತಮುತ್ತಲಿನವರ ಪ್ಯಾಂಟು ಗಿಡ್ಡ ಮಾಡುವ ಕೆಲಸ ಎಲ್ಲಿ ಕೂತರೂ ನಡೆಯುತ್ತದೆ.

ತಮ್ಮ ಅಳಲಿಲ್ಲ. ಬಡಿಸಿದರೆ ಉಣ್ಣುತ್ತಿದ್ದ, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ. ಸುಮ್ಮನೆ ಉಂಡು ತಟ್ಟೆ ತೊಳೆದಿಟ್ಟ. ಅವತ್ತು ನನಗೆ ನಿಜವಾಗಿ ಭಯವಾಯಿತು.

ಭಾನುವಾರ ಸಂಜೆ ಮಾವನ ಫೋನು ಬರುತ್ತಿತ್ತು. "ನಾಳೆ ಬರ್ತೀರಾ?" "ಇಲ್ಲ ಮಾವ." ಅಷ್ಟೇ ಮಾತು. ಹೆಂಡತಿಯೂ ಮಗಳೂ ಇಲ್ಲದ ಮುದುಕರಿಗೆ ಮಿಕ್ಕಿದ್ದು ಈ ಅಳಿಯ ಒಬ್ಬನೇ. ಇವನಿಗೆ ಅಂಗಡಿ, ಮನೆ ಬಿಟ್ಟರೆ ಲೋಕದಲ್ಲಿ ಇದ್ದ ಇನ್ನೊಂದು ಜಾಗ ಆ ಮೈದಾನ. ಫೋನೂ ನಿಂತುಹೋದರೆ ಇಬ್ಬರೂ ಅವರವರ ಮೂಲೆಯಲ್ಲಿ ಕೂತು ಒಣಗುತ್ತಾರೆ ಅಂತ ನನಗೆ ಸಂಕಟ. ಒಂದು ಭಾನುವಾರ ತಡೆಯಲಾರದೆ, "ಯಾಕೆ ಹೋಗಲ್ಲ ಅಂತ ಅವರಿಗೆ ಬಾಯಿ ಬಿಟ್ಟು ಹೇಳೋ!" ಅಂತ ಕಿರುಚಿದೆ.

ಅವನು ಫೋನಿನಲ್ಲೇ ಹೇಳಿದ. "ಬಲಕ್ಕೆ ಹೋದ್ರೆ ಹುಡುಕೋರು ಯಾರು ಮಾವ? ಆ ಮರಗಳ ಹತ್ರ ನಾನು ಹೋಗಲ್ಲ. ನೇರ ಹೋಗೋ ಹಾಗಿದ್ರೆ ಬರ್ತಿದ್ದೆ."

ಮಾವ, "ಹಾಗಾದ್ರೆ ಮನೇಲೇ ಕಲೀರಿ. ನಾನು ಹೇಳಿಕೊಡ್ತೀನಿ" ಅಂದರು.

ಅಲ್ಲಿಂದ ನಮ್ಮ ಮನೆಯ ಹಾಲ್ ಶಾಲೆಯಾಯಿತು. ಫೋನನ್ನು ಸ್ಪೀಕರಿಗೆ ಹಾಕಿ ಟೀವಿ ಮೇಜಿನ ಮೇಲೆ ಇಡಬೇಕು, ಅದರೊಳಗಿಂದ ಮಾವ ಗುಡುಗಬೇಕು. ಮೊದಲ ಪಾಠ ಹಿಡಿತದ್ದು. ಎಡಗೈಯನ್ನು ಕೋಲಿನ ಮೇಲೆ ಸ್ವಲ್ಪ ಬಲಕ್ಕೆ ಹೊರಳಿಸಿ ಹಿಡಿಯಬೇಕು, ಮೇಲಿಂದ ನೋಡಿದರೆ ಬೆರಳಿನ ಗೆಣ್ಣು ಒಂದಲ್ಲ, ಎರಡು ಮೂರು ಕಾಣಬೇಕು. ಟೀವಿ ನೋಡುವಾಗಲೂ ಕೋಲು ಕೈಯಲ್ಲೇ ಇರಲಿ, ಕೈಗೆ ಅಭ್ಯಾಸವಾಗಲಿ ಅಂದರು. ಟೀವಿ ಆಫ್ ಆಗಿದ್ದರೂ ಇವನು ಅದರ ಮುಂದೆ ಕೋಲು ಹಿಡಿದು ಕೂತಿರುತ್ತಿದ್ದ.

ಎರಡನೆಯದು ಟವೆಲ್ಲಿನ ಪಾಠ. ಮಡಿಸಿದ ಟವೆಲನ್ನು ಬಲಗಂಕುಳಲ್ಲಿ ಒತ್ತಿಟ್ಟುಕೊಂಡು ನಿಧಾನವಾಗಿ ಬೀಸಬೇಕು. ಕೋಲು ಚೆಂಡಿಗೆ ತಾಗುವ ಮೊದಲೇ ಟವೆಲ್ ಬಿದ್ದರೆ ಮೊಣಕೈ ಮೈಯಿಂದ ದೂರ ಹಾರಿತು ಅಂತ ಅರ್ಥ. ಹಾಗೆ ಹಾರಿದರೆ ಕೋಲು ಆಚೆಯಿಂದ ಈಚೆಗೆ ಕೊಯ್ದ ಹಾಗೆ ಬರುತ್ತದೆ, ಚೆಂಡು ಬಲಕ್ಕೆ ಹೊರಳುತ್ತದೆ. ಮೊದಮೊದಲು ನಾನು ಒಗೆದಿಟ್ಟ ಟವೆಲ್ಲೆಲ್ಲ ನೆಲ ಒರೆಸಿದವು. ನಿಜವಾದ ಚೆಂಡು ಬೇಡವೇ ಬೇಡ ಅಂತ ಗದರಿಸಿ ನಾನೇ ಹೊಲಿಗೆಯ ಚೂರು ಬಟ್ಟೆ ತುಂಬಿ ಒಂದು ಚಿಂದಿ ಚೆಂಡು ಹೊಲಿದುಕೊಟ್ಟೆ. ಅಷ್ಟರಲ್ಲಿ ಒಂದು ಬಲ್ಬು ಮಾತ್ರ ಹೋಗಿಯಾಗಿತ್ತು.

ಮೂರನೆಯದಕ್ಕೆ ಒಂದು ಪೆಟ್ಟಿಗೆ ಬೇಕಿತ್ತು. ಚೆಂಡಿನ ಆಚೆ ಬದಿಗೆ, ಅಂಗೈ ಅಗಲ ಬಿಟ್ಟು, ಒಂದು ರಟ್ಟಿನ ಪೆಟ್ಟಿಗೆ ಇಡಬೇಕು. ಪೆಟ್ಟಿಗೆಗೆ ತಾಗದಂತೆ ಚೆಂಡನ್ನು ಹೊಡೆಯುವುದು ಬಂದರೆ ಕೋಲು ಒಳಗಿನಿಂದ ಬರುತ್ತಿದೆ ಅಂತ ಲೆಕ್ಕ. ತಮ್ಮ ಬೀರುವಿನ ಕೆಳಗೆ ಕೈ ಹಾಕಿ ಸಿಕ್ಕಿದ ಶೂ ಪೆಟ್ಟಿಗೆ ತಂದಿಟ್ಟ. ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ಯಾರಿಗಾದರೂ ಕೊಟ್ಟುಬಿಡೋಣ ಅಂತ ನಾನೇ ಎತ್ತಿಟ್ಟಿದ್ದೆ. ಅವನಿಗೆ ಗೊತ್ತಿತ್ತೋ ಇಲ್ಲವೋ. ನಾನು ಹೊಲಿಗೆ ಮಿಷನ್ ಕಡೆ ತಿರುಗಿ ಕೂತೆ.

ಕೆಲವು ದಿನ ಸರಿಯಾಗೇ ನಡೆಯಿತು. ಒಂದು ಸಂಜೆ ಕೋಲು ಪೆಟ್ಟಿಗೆಗೆ ಬಡಿಯಿತು. ಮುಚ್ಚಳ ಹಾರಿ ಅವಳ ಶೂ ಎರಡೂ ನೆಲದ ಮೇಲೆ ಉರುಳಿದವು. ಲೇಸಿನ ತುಂಬ ಹುಲ್ಲಿನ ಮುಳ್ಳು ಇನ್ನೂ ಅಂಟಿಕೊಂಡೇ ಇದ್ದವು.

"ಏನದು ಸದ್ದು?" ಅಂತ ಫೋನಿನಿಂದ ಮಾವ ಕೇಳಿದರು.

"ಪೆಟ್ಟಿಗೆಗೆ ತಾಗ್ತು" ಅಂದ ತಮ್ಮ. ಶೂಗಳನ್ನು ಎತ್ತಿ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳ ಹಾಕಿ, ಮತ್ತೆ ಅದೇ ಜಾಗದಲ್ಲಿ ಇಟ್ಟ. ಕಂಕುಳಿಗೆ ಟವೆಲ್ ಸಿಕ್ಕಿಸಿಕೊಂಡು ಪುನಃ ಬೀಸಿದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನಗೆ ಅವನ ಕೆನ್ನೆಗೆ ಒಂದು ಬಾರಿಸೋಣ ಅನ್ನಿಸಿತು, ಹಾಗಾದರೂ ಏನಾದರೂ ಆಚೆ ಬರಲಿ ಅಂತ. ಆಮೇಲೆ ಅವನು ಒಂದು ಸಲವೂ ಪೆಟ್ಟಿಗೆಗೆ ತಾಗಿಸಲಿಲ್ಲ.

ಕೊನೆಗೊಂದು ಭಾನುವಾರ ಮಾವ ಎಂದಿನಂತೆ ಕೇಳಿದಾಗ "ಬರ್ತೀನಿ" ಅಂದ. ಮುದುಕರು ಇನ್ನೊಂದು ಸಲ ಕೇಳಿ ಖಚಿತ ಮಾಡಿಕೊಂಡರು. ನಾನೂ ಹೊರಟೆ. ಇಷ್ಟು ದಿನದ ಗುಡುಗು ಕೇಳಿದವಳಿಗೆ ಮಳೆ ನೋಡುವ ಹಕ್ಕಿಲ್ಲವೇ?

ಮೈದಾನದ ಬಾಗಿಲಲ್ಲಿ ಮಾವ ಕಾಯುತ್ತಿದ್ದರು. ನಾನು ನೆನೆಸಿಕೊಂಡಿದ್ದಕ್ಕಿಂತ ಸಣ್ಣಗಾಗಿದ್ದರು. "ತಿಂಡಿ ಆಯ್ತಾ?" ಅಂತ ಅವರು, "ಆಯ್ತು" ಅಂತ ಇವನು. ಅವಳ ಹೆಸರು ಹೇಳಬಾರದೆಂದು ಇಬ್ಬರೂ ಬಾಯಿಗೆ ಹೊಲಿಗೆ ಹಾಕಿಕೊಂಡ ಹಾಗಿತ್ತು. ಹೊಡೆಯುವ ಜಾಗಕ್ಕೆ ಹೋದೆವು. ಎದುರಿಗೆ ಉದ್ದಕ್ಕೆ ಹುಲ್ಲು, ಬಲಕ್ಕೆ ಆ ಮರಗಳು. ತಮ್ಮ ಆ ಕಡೆ ತಲೆ ಎತ್ತಲಿಲ್ಲ.

ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡೇ ನಿಂತ. ಗೆಣ್ಣು ನೋಡಿಕೊಂಡ. ಬೀಸಿದ. ಟವೆಲ್ ಚೆಂಡು ಹೋದ ಮೇಲೆ ಬಿತ್ತು. ಚೆಂಡು ನೇರ ಏರಿ, ನೇರ ಹೋಗಿ, ಮೈದಾನದ ನಟ್ಟನಡುವೆ ಇಳಿಯಿತು. ನಾಟಕವೇ ಇಲ್ಲ.

ಮಾವನ ಬಾಯಲ್ಲಿ "ಭೇ" ಅಂತ ಬಂದದ್ದು ಅಲ್ಲೇ ನಿಂತಿತು. ಯಾಕೆಂದರೆ ತಮ್ಮ ಕೋಲು ಹಿಡಿದುಕೊಂಡು ಬಲಕ್ಕೆ ನಡೆಯತೊಡಗಿದ್ದ. ಅವಸರವೂ ಇಲ್ಲ, ಅನುಮಾನವೂ ಇಲ್ಲ, ದಿನಾ ಹೋಗುವ ದಾರಿಯಲ್ಲಿ ಹೋಗುವ ಹಾಗೆ ಮರಗಳೊಳಗೆ ಹೋದ.

"ಚೆಂಡು ಅಲ್ಲಿದೆ, ಇವ್ರು ಎಲ್ಲಿಗೆ..." ಅಂತ ಶುರು ಮಾಡಿದ ಮುದುಕರು ಮಂಡಿ ಹಿಡಿದುಕೊಳ್ಳುತ್ತಾ ಹಿಂದೆಯೇ ಹೊರಟರು. ನಾನು ಬಿದ್ದ ಟವೆಲ್ ಎತ್ತಿಕೊಂಡು ಅವರ ಹಿಂದೆ ಹೋದೆ.

ತಮ್ಮ ಮರದ ಬುಡದಲ್ಲಿ ಬಗ್ಗಿ ಕೋಲಿನಿಂದ ಹುಲ್ಲು ಸರಿಸಿ ನೋಡುತ್ತಿದ್ದ.

"ಅಳಿಯಂದ್ರೇ, ಚೆಂಡು ನೇರ ಹೋಯ್ತು."

"ಗೊತ್ತು ಮಾವ."

"ಮತ್ತೆ ಏನು ಹುಡುಕ್ತಿದ್ದೀರಿ?"

ತಮ್ಮ ಹುಲ್ಲು ಸರಿಸುತ್ತಲೇ ಇದ್ದ. "ಇಷ್ಟೊತ್ತಿಗೆ ಅವಳು ಸಿಕ್ತು ಅಂತಿದ್ಲು" ಅಂದ.

ಮಾವ ಮರ ಹಿಡಿದುಕೊಂಡು ಕಷ್ಟಪಟ್ಟು ಬಗ್ಗಿದರು, ತಾವೂ ತರಗೆಲೆ ಕೆದಕತೊಡಗಿದರು. ಆಮೇಲೆ ಬೇರಿನ ಸಂದಿಯಿಂದ ಪಾಚಿ ಹಿಡಿದ, ಯಾವ ಕಾಲದ್ದೋ ಒಂದು ಚೆಂಡನ್ನು ತೆಗೆದು ಅಂಗೈಯಲ್ಲಿಟ್ಟು ನೋಡಿದರು. ಕೂಗಲು ಅವರಲ್ಲಿ ದನಿ ಇರಲಿಲ್ಲ.

"ಸಿಕ್ತು" ಅಂದರು.

ತಮ್ಮ ನಿಂತಲ್ಲೇ ಕುಸಿದು ಕೂತು ಅತ್ತ. ಚಿಕ್ಕಂದಿನಲ್ಲೂ ಅವನು ಹಾಗೆ ಅತ್ತದ್ದು ನಾನು ಕಂಡಿರಲಿಲ್ಲ. ನನ್ನ ಕೈಯಲ್ಲಿದ್ದ ಟವೆಲ್ ಕೊಟ್ಟೆ, ಅದರಲ್ಲೇ ಮುಖ ಮುಚ್ಚಿಕೊಂಡ. ಮಾವ ಅವನ ಪಕ್ಕದಲ್ಲಿ ಕೂತು ಚೆಂಡಿನ ಪಾಚಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

"ಮುಂದಿನ ವಾರ ಹಳೇ ಥರಾನೇ ಹೊಡೀರಿ" ಅಂದರು ಮಾವ.

ತಮ್ಮ ಹೂಂ ಅನ್ನುವ ಹಾಗೆ ತಲೆ ಆಡಿಸಿದ. ನೇರ ಹೋದ ಚೆಂಡು ಅಲ್ಲಿ ಬಿಸಿಲಿನಲ್ಲಿ ಒಂದೇ ಬಿದ್ದಿತ್ತು. ಅದನ್ನು ತರಲು ನಾವ್ಯಾರೂ ಎದ್ದು ಹೋಗಲಿಲ್ಲ.