ಬೇವಿನ ಪೊಟರೆಯ ಧನೇಶ

ಇವತ್ತು ಬೆಳಿಗ್ಗೆ ಹಿತ್ತಲ ಬೇವಿನಲ್ಲಿ ಆ ಕೀರಲು ಕೂಗು ಕೇಳಿ, ಅರ್ಧ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡೇ ಹೊರಗೆ ಓಡಿದೆ. ಬೂದು ಮೈ, ಉದ್ದ ಬಾಲ, ಮುಖಕ್ಕೆ ಮೀರಿದ ಕೊಕ್ಕು. ಪುಸ್ತಕದಲ್ಲಿ ಇದು ಮಂಗಟ್ಟೆ ಹಕ್ಕಿ. ಗಡಿಯವರಾದ ನಮಗೆ ಮರಾಠಿಯ ಧನೇಶ ಅಂದರೇ ಬೇಗ ತಿಳಿಯುತ್ತದೆ. ನನ್ನನ್ನು ಕಂಡದ್ದೇ ಹಾರಿಹೋಯಿತು. ಹೋಗದೆ ಏನು ಮಾಡೀತು? ಅದರ ಕುಲಕ್ಕೆ ನಾನು ಮಾಡಿದ ಉಪಕಾರ ಅಂಥದ್ದು. ಹೇಳುತ್ತೇನೆ, ಕೇಳಿ.

ನಾನಾಗ ಚಿಕ್ಕೋಡಿಯಲ್ಲಿ ಹೊಸ ಮಾಸ್ತರ. ಹೆಂಡತಿ ಶೈಲಾ ಚೊಚ್ಚಲ ಬಾಣಂತನಕ್ಕೆ ಸದಲಗಾದ ತವರಿನಲ್ಲಿದ್ದಳು. ಭಾನುವಾರ ಹೋದರೆ ಕೋಣೆಯ ಹೊಸ್ತಿಲಲ್ಲಿ ನಿಂತೇ ಮಗಳ ಮುಖ ನೋಡಬೇಕು. ಸುಡು ಬೇಸಿಗೆ, ಮುಚ್ಚಿದ ಕಿಟಕಿ, ಮಂಚದ ಕೆಳಗೆ ಕೆಂಡದ ಶಗಡಿ. ನಾನೋ ಹೊಸ ಕಾಲದ ಗಂಡ! ಕಿಟಕಿ ತೆಗೆಯಿರೆಂದು ಅತ್ತೆಯ ಜೊತೆ ವಾದಕ್ಕಿಳಿಯುತ್ತಿದ್ದೆ. "ಹಡದಾವ್ರು ನಾವೋ ನೀವೋ?" ಎಂದು ಅವರು ಒಂದೇ ಮಾತಿಗೆ ನನ್ನ ಬಾಯಿ ಮುಚ್ಚಿಸುತ್ತಿದ್ದರು. ಸೋತ ಅಳಿಯ ಎದ್ದು ಹೊಳೆಯ ದಾರಿ ಹಿಡಿಯುತ್ತಿದ್ದ.

ಜೊತೆಗೆ ಅತ್ತೆಯ ಪಕ್ಕದ ಮನೆಯ ಬಡಿಗ ಹುಸೇನಸಾಬರು. ಊರಿನಿಂದ ದೂಧಗಂಗಾ ದಂಡೆಗೆ ಹೋಗುವ ಹಳೆಯ ಗಾಡಿದಾರಿಯ ಎರಡೂ ಬದಿಗೆ ಹುಣಸೆ, ಬೇವು, ಆಲ. ಸುತ್ತ ಕಬ್ಬು ಬಿಸಿಲಿಗೆ ಕಾಯುತ್ತಿದ್ದರೂ ಅಲ್ಲಿ ತಂಪು. ಹುಸೇನಸಾಬರು ಒಂದು ಕಣ್ಣಿನಿಂದ ಮರವನ್ನೂ ಇನ್ನೊಂದರಿಂದ ಪ್ರಾಣಿಯನ್ನೂ ನೋಡುವವರು. "ಈ ಹುಣಸಿ ಎರಡ ಚೌಕಟ್ಟಿಗೆ ಬರತೈತಿ" ಅನ್ನುತ್ತಲೇ ಕೈ ಅಡ್ಡ ಹಿಡಿದು ನಿಲ್ಲಿಸುವರು. ನೋಡಿದರೆ ಅದೇ ಹುಣಸೆಯ ಕಾಂಡಕ್ಕೆ ಒಂದು ಉಡ ಅಂಟಿಕೊಂಡಿರುತ್ತಿತ್ತು. ಮುಂಗುಸಿ ದಾರಿ ದಾಟಿದರೆ ಅವತ್ತಿನ ಕೆಲಸ ಸುಸೂತ್ರ ಎಂದು ಖುಷಿಪಡುವರು. ನನಗೆ ಪಾಠದ ಪುಸ್ತಕದ ಹೊರಗಿನ ಪ್ರಾಣಿಗಳ ಪರಿಚಯವಾದದ್ದೇ ಹೀಗೆ.

ಒಂದು ಭಾನುವಾರ ಆ ದಾರಿಯ ಬೇವಿನ ಪೊಟರೆಯೊಂದರ ಬಾಯಿಗೆ ಯಾರೋ ಗಾರೆ ಮೆತ್ತಿ ಗಿಲಾವು ಮಾಡಿದಂತಿತ್ತು. ನಡುವೆ ಸಣ್ಣ ಸೀಳು. ಗಂಡು ಧನೇಶ ಬಂದು ಆಲದ ಹಣ್ಣು ಚಾಚಿತು. ಸೀಳಿನಿಂದ ಒಂದು ಕೊಕ್ಕು ಬಂದು ಇಸಿದುಕೊಂಡಿತು. ಹೆಣ್ಣು ಒಳಗಿದೆ!

"ಯಾವ ಗೌಂಡಿ ಕೆಲಸಾರೀ ಇದು? ಕೊಕ್ಕಿನ ಅಳತಿಗೆ ಬಿಟ್ಟಾನ ನೋಡ್ರಿ," ಎಂದು ಹುಸೇನಸಾಬರು, ಪಳಗಿದ ಗಾರೆಯವನ ಕೆಲಸ ಕಂಡವರಂತೆ, ಬೆರಗಾದರು. ನನಗೆ ಕಂಡದ್ದೇ ಬೇರೆ. ಬಡಪಾಯಿ ಹೆಣ್ಣನ್ನು ಕೂಡಿಹಾಕಿದ್ದಾನೆ ಪಾಪಿ!

ಮಧ್ಯಾಹ್ನ ಒಬ್ಬನೇ ಹೋದೆ. ಕೆಳಗಿನ ಕವಲಿಗೆ ಹತ್ತಿ ಮನೆಯ ಕೀಲಿಕೈಯಿಂದ ಕೆರೆದೆ. ಅಂಗೈಯಗಲ ಬಾಯಿ ಬಿತ್ತು. ಹಕ್ಕಿ ಹಾರಲಿಲ್ಲ, ನನ್ನ ಬೆರಳು ಕಚ್ಚಿತು. ಒಳಗೆ ಇಣುಕಿದರೆ ಅದರ ರೆಕ್ಕೆಯ ಗರಿಗಳೆಲ್ಲ ಉದುರಿ ಕೆಳಗೆ ಬಿದ್ದಿದ್ದವು. ಹೊಟ್ಟೆಯ ಕೆಳಗೆ ಎರಡು ಬಿಳಿ ಮೊಟ್ಟೆ. ಹಾರಲಾಗದ ತಾಯಿಯ ಬಾಗಿಲನ್ನು ಉಡ ಓಡಾಡುವ ದಾರಿಯಲ್ಲಿ ತೆರೆದಿಟ್ಟಿದ್ದೆ.

ಓಡಿಹೋಗಿ ಹೇಳಿದೆ. ಹುಸೇನಸಾಬರು ಕೈಯಲ್ಲಿದ್ದ ಉಳಿ ಕೆಳಗಿಟ್ಟರು. "ಮಾಸ್ತರ, ಮತ್ತೊಬ್ಬರ ಕೆಲಸಕ್ಕ ಕೈ ಹಚ್ಚಬಾರದ್ರಿ. ನಡೀರಿ."

ಎದುರಿನ ಹುಣಸೆಯ ಬುಡದಲ್ಲಿ ಕೂತೆವು. ಇಳಿಹೊತ್ತಾಯಿತು. ಆಗ ಪೊಟರೆಯ ಒಳಗಿನಿಂದ ಕೊಕ್ಕೊಂದು ಕಂಡಿತು. ತನ್ನದೇ ಹಿಕ್ಕೆಯನ್ನು ತಂದು ಅಂಚಿಗೆ ಮೆತ್ತಿ, ಕೊಕ್ಕಿನ ಪಕ್ಕದಿಂದ ಟಪಟಪ ತಟ್ಟಿತು.

"ಗೌಂಡಿ ಒಳಗ ಅದಾಳ್ರೀ!" ಹುಸೇನಸಾಬರು ಮಗುವಿನಂತೆ ನನ್ನ ತೊಡೆ ಬಡಿದರು. ಕತ್ತಲಾಗುವವರೆಗೂ ಕಾವಲು ಕೂತೆವು. ನಾನು ಚಿಕ್ಕೋಡಿಗೆ ಮರಳಿದ ಮೇಲೆ, ಬಾಯಿ ಪೂರ್ತಿ ಕಟ್ಟುವ ತನಕ, ನಾಲ್ಕು ದಿನ, ಅವರೊಬ್ಬರೇ ಮೂರು ಹೊತ್ತೂ ಹೋಗಿ ಕೂತರು.

ಆ ಭಾನುವಾರ ರಾತ್ರಿಯೇ ಹೊಸ್ತಿಲಲ್ಲಿ ನಿಂತು ಶೈಲಾಗೆ ಎಲ್ಲವನ್ನೂ ಒಪ್ಪಿಸಿದೆ. ನಗುತ್ತಾಳೆ ಅಂದುಕೊಂಡಿದ್ದೆ.

"ಅದು ತಾನ ಮುಚ್ಚಕೊಂಡೈತಿ," ಅಂದಳು. "ನನ್ನ ಕಿಟಕಿ ಅವ್ವ ಮುಚ್ಚತಾಳ, ನೀವು ತಗೀರಿ ಅಂತೀರಿ. ನಿನಗೇನ ಬೇಕು ಅಂತ ಒಬ್ಬರರೆ ಕೇಳೀರೇನು?"

ನಾಚಿಕೆಯಾಯಿತು. "ಏನ ಬೇಕು?" ಎಂದೆ.

"ಕಿಟಕಿ ತಗೀರಿ. ಬಾಗಲಾ ಹಾಕ್ರಿ. ಮಂದಿ ಬಂದು ಬಂದು ಸಾಕಾಗೇತಿ."

ಅತ್ತೆಗೂ ಅದು ಕೇಳಿಸಿತು. ಕಿಟಕಿ ತೆರೆದವರು ಅವರೇ. ಮಳೆ ಹಿಡಿಯುವ ಹೊತ್ತಿಗೆ ಬೇವಿನ ಕೊಂಬೆಯ ಮೇಲೆ ನಾಲ್ಕು ಧನೇಶಗಳನ್ನು ಎಣಿಸಿದೆವು.

ಅಂದಿನ ಕೂಸು ಈಗ ತಾನೂ ಒಂದು ಕೂಸು ಹಡೆದು ನಮ್ಮ ಮನೆಗೆ ಬಂದಿದ್ದಾಳೆ. ಹೊಗೆಯಿಲ್ಲ, ಶಗಡಿಯಿಲ್ಲ, ಆದರೆ ನೋಡಲು ಬರುವ ಮಂದಿಗೆ ಮಾತ್ರ ಅಂದಿಗೂ ಇಂದಿಗೂ ಬರವಿಲ್ಲ. ಇವತ್ತು ಹಕ್ಕಿ ಹಾರಿಹೋದ ಮೇಲೆ ಸಾಬೂನಿನ ಮುಖ ತೊಳೆದುಕೊಂಡು ಹೋಗಿ ಅವಳ ಬಾಗಿಲು ತಟ್ಟಿದೆ.

"ನಿನಗೇನರ ಬೇಕೇನವಾ?"

"ಎರಡ ತಾಸು ಯಾರನ್ನೂ ಬಿಡಬ್ಯಾಡಪಾ. ಮಲಕ್ಕೋತೀನಿ."

ಒಳಗೆ ಚಿಲಕ ಬಿತ್ತು. ನಾನು ಕುರ್ಚಿ ಹಾಕಿಕೊಂಡು ಹೊರಗೆ ಕೂತೆ. ಅರ್ಧ ತಾಸಿಗೆ ನಿಪ್ಪಾಣಿಯಿಂದ ಬೀಗರು ಬಂದಿಳಿದರು, ಬೆಳ್ಳಿ ಕಾಲ್ಗಡಗ ಹಿಡಿದುಕೊಂಡು, ಎಂಟು ಜನ. ಬೀಗತಿ ನೇರ ಕೋಣೆಯತ್ತ ನಡೆದರು. ಜೀವಮಾನದಲ್ಲಿ ಬೀಗರ ಮುಂದೆ ದನಿ ಎತ್ತದ ನಾನು ಎದ್ದು ಅಡ್ಡ ನಿಂತೆ.

"ಕೂಡ್ರಿ, ಚಹಾ ತಗೋರಿ," ಎಂದೆ. "ಬಾಗಲಾ ಆಕಿನ ತಗೀತಾಳ್ರಿ."