ಬರುವುದಿಲ್ಲ ಎಂದು ಬರೆದ ನಾಗರತ್ನಾ ಅಕ್ಕೋರು

ನಾಗರತ್ನಾ ಅಕ್ಕೋರ ಬಗ್ಗೆ ನಮ್ಮೂರಲ್ಲಿ ಈಗ ಒಳ್ಳೆಯ ಮಾತಾಡುವವರೆಲ್ಲ ಮೊದಲ ವರ್ಷ ಅವರನ್ನು ಬೈದವರೇ. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ಅದಕ್ಕೇ ಅವರ ಕಥೆ ಬೇರೆಯವರು ಹೇಳುವ ಮುಂಚೆ ನಾನೇ ಬರೆಯುತ್ತಿದ್ದೇನೆ.

ಅವರು ಯಳವತ್ತಿಯವರು. ಹೊಲಮನೆ ಮಾಡುವವರ ಮಗಳು, ವಯಸ್ಸು ಮೂವತ್ತರ ಒಳಗೆ. ಶಿಕ್ಷಕಿಯ ತರಬೇತಿ ಮುಗಿಸಿ, ಕಾಯಂ ನೌಕರಿ ಸಿಗದೆ, ನಮ್ಮೂರ ಸರ್ಕಾರಿ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದರು. ಜೂನ್‌ನಲ್ಲಿ ಬರಬೇಕು, ವರ್ಷ ಮುಗಿದರೆ ಹೋಗಬೇಕು. ಮುಂದಿನ ವರ್ಷ ಮತ್ತೆ ಕರೆಯಬೇಕೆಂದರೆ ಹೆಡ್‌ಮಾಸ್ತರರು ಬರೆಯಬೇಕು, ಶಾಲಾ ಸಮಿತಿಯವರು ಸಹಿ ಹಾಕಬೇಕು. ಆ ಸಮಿತಿಗೆ ನಾನು ಅಧ್ಯಕ್ಷ. ಓದಿದ್ದು ಮೂರನೇ ತರಗತಿಯಾದರೂ ಶಾಲೆಯ ಎದುರಿಗೇ ನನ್ನ ಹಿಟ್ಟಿನ ಗಿರಣಿ ಇದೆ, ದಿನಾ ಊರೆಲ್ಲ ಅಲ್ಲಿಗೆ ಬರುತ್ತದೆ. ಹಾಗಾಗಿ ನನ್ನನ್ನೇ ಮಾಡಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಸೊರಟೂರಿನಿಂದ ಶಿರಹಟ್ಟಿ ಕಡೆಗೆ ಹೋಗುವ ಬಸ್ಸು ನಮ್ಮಲ್ಲಿ ನಿಲ್ಲುತ್ತದೆ, ಅಷ್ಟು ಸಾಕು.

ಅಕ್ಕೋರು ಬರುವ ಮುಂಚೆ ನಮ್ಮ ಶಾಲೆಯ ಓದು ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ಮಾಸ್ತರರು ಪುಸ್ತಕದ ಒಂದು ಸಾಲು ಹೇಳುವುದು, ಮಕ್ಕಳೆಲ್ಲ ಕೂಡಿ ಗಂಟಲು ಹರಿಯುವಂತೆ ಹಿಂದೆ ಅನ್ನುವುದು. ನಾವೂ ಹಾಗೇ ಕಲಿತದ್ದು, ನಮ್ಮಪ್ಪಂದಿರೂ ಹಾಗೇ. ಸಪ್ಪಳ ಕೇಳಿದರೆ ಶಾಲೆ ನಡೆದಿದೆ, ಕೇಳದಿದ್ದರೆ ಮಾಸ್ತರು ಮಲಗಿದ್ದಾರೆ ಎಂದು ನಾವು ತಿಳಿಯುತ್ತಿದ್ದೆವು. ನಾಗರತ್ನಾ ಅಕ್ಕೋರು ಎರಡನೇ ತರಗತಿ ತೆಗೆದುಕೊಂಡ ವಾರದಲ್ಲೇ ಆ ಕೋಣೆಯ ಸಪ್ಪಳ ನಿಂತುಹೋಯಿತು.

ಜೋಳ ಬೀಸಿಸಲು ಬಂದ ದೇವವ್ವ ನನಗೇ ಗಂಟುಬಿದ್ದಳು.

"ಸಕ್ರಪ್ಪಾ, ನೀ ಅದೇನೋ ಸಮಿತಿಗೆ ಅಧ್ಯಕ್ಷ ಅಲ್ಲೇನೋ? ಆ ಹೊಸಾ ಅಕ್ಕೋರು ಹುಡುಗೂರ್ನ ಮಲಗಸ್ತಾಳೇನು ನೋಡಹೋಗು. ಒಂದ್ ಚೂರೂ ಸಪ್ಪಳಿಲ್ಲ."

"ಗಿರಣಿ ಸಪ್ಪಳದಾಗ ನಿನಗ ಹೆಂಗ ಕೇಳಬೇಕು ಬೇ?"

"ಕರೆಂಟ್ ಹೋದಾಗರ ಕೇಳಬೇಕಲ್ಲೋ! ದಿನಾ ನಾಕ್ ತಾಸು ಹೋಗತೈತಿ."

ಜುಲೈ ಕೊನೆಗೆ ಶಾಲೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದರು. ಎರಡನೇ ತರಗತಿಯ ಮಕ್ಕಳು ಹತ್ತೊಂಬತ್ತು, ಓದಲು ಬರುವವರು ಇಬ್ಬರು. ಉಳಿದ ಹದಿನೇಳು ಹೆಸರುಗಳ ಮುಂದೆ 'ಬರುವುದಿಲ್ಲ' ಎಂದು ಅಕ್ಕೋರ ಕೈಬರಹದಲ್ಲಿತ್ತು. ಆ ಹದಿನೇಳರಲ್ಲಿ ನನ್ನ ಮಗಳು ಅಮೃತಾ ಕೂಡ ಇದ್ದಳು. ನನ್ನ ಅವ್ವ ಅಮೃತವ್ವನ ಹೆಸರನ್ನೇ ಅವಳಿಗಿಟ್ಟಿದ್ದೆವು. ಪ್ರತಿ ಸಂಜೆ ಗಿರಣಿಯ ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಹುಡುಗಿ ಅವಳು. ಬಸ್ಸಿಗೆ ನಿಂತವರನ್ನೂ ಕರೆದು ಕೇಳಿಸುತ್ತಿದ್ದೆ. ಅಂಥವಳಿಗೆ ಬರುವುದಿಲ್ಲವಂತೆ!

ಗಿರಣಿ ನಿಲ್ಲಿಸಿ, ಮೈತುಂಬ ಹಿಟ್ಟಿದ್ದಂತೆಯೇ ಕೋಣೆಯೊಳಗೆ ನುಗ್ಗಿದೆ.

"ಏನ್ರೀ ಅಕ್ಕೋರ, ನನ್ನ ಮಗಳಿಗೆ ಓದಾಕ ಬರಂಗಿಲ್ಲ ಅಂತ ಬರದೀರಂತ? ಪುಸ್ತಕ ಪೂರಾ ಓದತಾಳ ಅಕಿ!"

"ಬರ್ರಿ, ಕುಂಡ್ರಿ. ಓದಸ್ತೇನಿ, ನೀವ ಕೇಳ್ರಿ."

"ಕುಂಡ್ರಾಕ ಬಂದಿಲ್ಲ ನಾ."

"ಹಂಗಾರ ನಿಂತ ಕೇಳ್ರಿ."

ಅಮೃತಾಳನ್ನು ಕರೆದು ಚಿತ್ರವಿಲ್ಲದ ಒಂದು ಪುಟ ತೆಗೆದುಕೊಟ್ಟರು. ಹುಡುಗಿ ಬೆರಳಿಟ್ಟು ಸಾಲಿಗೆ ಸಾಲು, ಎಲ್ಲೂ ತಡವರಿಸದೆ ಓದಿದಳು. ನಾನು ಅಕ್ಕೋರ ಮುಖ ನೋಡಿದೆ. ಅವರು ಪುಸ್ತಕ ಇಸಿದುಕೊಂಡು, ತಲೆಕೆಳಗು ಮಾಡಿ, ಮತ್ತೆ ಅವಳ ಕೈಗಿಟ್ಟರು.

"ಇನ್ನೊಮ್ಮೆ ಓದು ನನ್ನವ್ವಾ."

ಅಮೃತಾ ಇನ್ನೊಮ್ಮೆ ಓದಿದಳು. ಅದೇ ಸಾಲು, ಅದೇ ರಾಗ. ಬೆರಳು ತಲೆಕೆಳಗಾದ ಅಕ್ಷರಗಳ ಮೇಲೆ ಸರಿಯಾಗಿ ಎಡದಿಂದ ಬಲಕ್ಕೆ ಓಡುತ್ತಿತ್ತು. ಕೋಣೆಯಲ್ಲಿ ಇಬ್ಬರೇ ಇಬ್ಬರು ಹುಡುಗರು ಕಿಸಕ್ಕೆಂದರು. ಉಳಿದವರಿಗೆ ಏನು ತಪ್ಪಾಗಿದೆ ಎಂಬುದೇ ಗೊತ್ತಾಗಲಿಲ್ಲ.

"ಶಾಣ್ಯಾ ಹುಡುಗಿ ರೀ ನಿಮ್ಮಕಿ," ಎಂದರು ಅಕ್ಕೋರು. "ಕೇಳಿದ್ದೆಲ್ಲಾ ನೆನಪಿಟ್ಟಾಳ. ನೋಡಿ ಓದೋ ಜರೂರ ಬಿದ್ದಿಲ್ಲ ಅಕಿಗೆ. ಆದ್ರ ನಾಳೆ ಹೊಸಾ ಪುಸ್ತಕ ಕೊಟ್ರ ಬಾಯಿ ಮುಚ್ಚತೈತಿ."

ಮಕ್ಕಳ ಎದುರಿಗೆ ನನ್ನ ಮಗಳ ಮಾನ ಹೋಯಿತೆಂದು ನನಗೆ ರಕ್ತ ಕುದಿಯಿತು.

"ನಿಮ್ಮನ್ನ ಈ ಶಾಲಿಯಿಂದ ತಗಸೇ ತಗಸ್ತೇನಿ, ನೋಡ್ತಿರ್ರಿ!"

"ತಗಸ್ರಿ. ಅದಕ್ಕಿಂತ ಮೊದಲ ಗಿರಣ್ಯಾಗ ಕೆಳಗ ಬೀಳೋ ಹಿಟ್ಟು ಒಂದ್ ಪರಾತ ಕಳಸ್ರಿ. ಹುಡುಗೂರ್ಗೆ ಬೇಕಾಗೇತಿ."

ಬೈಯಲು ಹೋದವನಿಂದ ಹಿಟ್ಟು ಕೇಳುವ ಹೆಣ್ಣುಮಗಳಿಗೆ ಏನು ಹೇಳುವುದು? ಬೈಯುತ್ತಲೇ ಕಳಿಸಿದೆ.

ಆ ಹಿಟ್ಟನ್ನು ಅವರು ಪರಾತವೆಂಬ ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮಕ್ಕಳಿಂದ ಬೆರಳಲ್ಲಿ ಅಕ್ಷರ ಬರೆಸತೊಡಗಿದರು. ಪಾಟಿಯ ಮೇಲೆ ತಪ್ಪು ಬರೆದ ಮಗು ಉಗುಳು ಹಚ್ಚಿ ಅಳಿಸುತ್ತ ಕೂಡುತ್ತದೆ, ಬಳಪ ಹಿಡಿಯಲು ಅಂಜುತ್ತದೆ. ಹಿಟ್ಟಿನ ಮೇಲಿನ ತಪ್ಪು ಪರಾತ ಅಲುಗಾಡಿಸಿದರೆ ಹೋಯಿತು. ಅಆಇಈ ಸಾಲು ಹಿಡಿಯದೆ, ದ, ಧ, ಥಗಳ ಹಾಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದು ಸಿಗುವ ಅಕ್ಷರಗಳನ್ನು ಮೊದಲು ತೆಗೆದುಕೊಂಡರು. ದಿನಕ್ಕೊಂದು ಅಕ್ಷರ, ಅದು ಕೂಡಿದ ಒಂದು ಮಾತು, ಮಗು ಹಿಂದೆಂದೂ ಕೇಳದ ಒಂದು ಸಾಲು. ಬಾಯಿಪಾಠವಾಗಬಾರದೆಂದು ಆ ಸಾಲುಗಳನ್ನು ತಾವೇ ಹೊಸದಾಗಿ ಬರೆದು ತರುತ್ತಿದ್ದರು. ಬರುವಾಗ ಬಸ್ಸಿನಲ್ಲಿ ಕೂತೇ ಬರೆಯುತ್ತಿದ್ದರಂತೆ, ಅಕ್ಷರಗಳೆಲ್ಲ ಕುಲುಕಿದಂತಿರುತ್ತಿದ್ದವು.

ನನ್ನ ಅವ್ವ ಒಂದು ದಿನ ಕೋಲು ಹಿಡಿದುಕೊಂಡು ಶಾಲೆಗೇ ಹೋದಳು.

"ತಿನ್ನೋ ಹಿಟ್ಟಿನಾಗ ಬೆರಳ ಆಡಸ್ತೀಯಲ್ಲ ಬೇ, ಯಾವ ಊರ ರೀತಿ ಇದು?"

"ಬರದಾದ ಮ್ಯಾಲ ಆಕಳಿಗೆ ಹಾಕತೇವಿ ಅಜ್ಜಿ. ನೆಲದ ಮ್ಯಾಲಿನ ಹಿಟ್ಟು ನಿಮ್ಮ ಮಗ ಕಸಬರಗಿಲೆ ಗಟಾರಕ್ಕ ದೂಡತಿದ್ದ. ಆವಾಗ ಯಾಕ ಬರಲಿಲ್ಲ ನೀವು?"

ಅವ್ವ ತಿರುಗಿ ಬಂದು ನನಗೇ ಬೈದಳು.

ಜನವರಿಯಲ್ಲಿ ಮೇಲಿನಿಂದ, ಶಿಕ್ಷಣ ಇಲಾಖೆಯಿಂದ, ಒಂದು ಕಾಗದ ಬಂತು. ಫೆಬ್ರುವರಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಓದು ಬಂದಿರಬೇಕು, ಪಟ್ಟಿ ಕಳಿಸಿ ಎಂದು. ಸುತ್ತಲಿನ ಊರುಗಳಿಂದ ಎಲ್ಲ ಹೆಸರಿಗೂ ಟಿಕ್ ಹಾಕಿದ ಪಟ್ಟಿಗಳು ಹೋದವು ಎಂದು ಸುದ್ದಿ. ನಮ್ಮ ಹೆಡ್‌ಮಾಸ್ತರ ಗೋಪಾಲ ಸರ್ ಮೆತ್ತನೆಯ ಮನುಷ್ಯ. ಅವರ ಮನೆತನದಲ್ಲಿ ಅಜ್ಜನ ಕಾಲದಿಂದ ಮಾಸ್ತರಿಕೆ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು, ಬೈಸಿಕೊಳ್ಳದೆ ಮನೆಗೆ ಹೋದರೆ ಸಾಕೆಂದಿದ್ದವರು. ಅವರು ಪಟ್ಟಿ ಹಿಡಿದುಕೊಂಡು ಅಕ್ಕೋರ ಬಳಿ ಹೋದರೆ ಅಕ್ಕೋರು ಟಿಕ್ ಹಾಕಲೊಲ್ಲೆ ಎಂದರು. ಸಮಿತಿ ಸೇರಿತು. ಒಬ್ಬರು ಬರುತ್ತದೆ ಅನ್ನುವುದು, ಇನ್ನೊಬ್ಬರು ಬರುವುದಿಲ್ಲ ಅನ್ನುವುದು. ನನಗೆ ತಲೆ ಕೆಟ್ಟಿತು.

"ಸಾಕ ಮಾಡ್ರಿ! ಶನಿವಾರ ಹುಡುಗೂರ್ನ ನನ್ನ ಗಿರಣಿಗೆ ಕರ್ಕೊಂಡ ಬರ್ರಿ. ಬರತೈತೋ ಇಲ್ಲೋ ಅಲ್ಲೇ ನೋಡೂಣು."

ನನ್ನ ಗಿರಣಿಯಲ್ಲಿ ಒಂದು ಪದ್ಧತಿ ಇದೆ. ಡಬ್ಬಿ ಇಟ್ಟುಹೋಗುವವರು ಒಳಗೊಂದು ಚೀಟಿ ಹಾಕಬೇಕು. ಯಾರದು, ಯಾವ ಕಾಳು, ಸಣ್ಣಗೋ ತರಿಯೋ. ಮನೆಯಲ್ಲಿ ಓದಿದವರು ಯಾರಿದ್ದಾರೋ ಅವರು ಬರೆದುಕೊಡುತ್ತಾರೆ, ದಿನಾ ಹೊಸ ಚೀಟಿ, ಮನೆಗೊಂದು ಕೈಬರಹ. ಬಾಯಿಪಾಠ ಮಾಡಿ ಬರಲು ಸಾಧ್ಯವೇ ಇಲ್ಲ.

ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಹತ್ತೊಂಬತ್ತು ಮಕ್ಕಳು ಬಂದು ನಿಂತರು. ಒಂದು ಕಡೆ ಡಬ್ಬಿಗಳ ಸಾಲು, ಇನ್ನೊಂದು ಕಡೆ ಡಬ್ಬಿಯ ಒಡತಿಯರು. ಮಗು ಒಂದು ಡಬ್ಬಿಯ ಚೀಟಿ ತೆಗೆದು, ಓದಿ, ಯಾರದೋ ಅವರ ಕೈಗೆ ಕೊಟ್ಟು ಕಾಳು ಯಾವುದೆಂದು ಹೇಳಬೇಕು. ಮುಚ್ಚಳ ಪೂರ್ತಿ ತೆರೆಯುವಂತಿಲ್ಲ.

ಮೊದಲು ಬಂದವನು ನಮ್ಮೂರ ನಯಾಜನ ಮಗ ಅನೀಸ. ತುಟಿ ಅಲುಗಾಡಿಸುತ್ತ ನಿಂತೇ ನಿಂತ. ದೇವವ್ವ ತಾಳಲಾರದೆ, "ಜಲ್ದಿ ಹೇಳೋ, ಒಲಿ ಮ್ಯಾಲ ಬ್ಯಾಳಿ ಇಟ್ಟ ಬಂದೇನಿ," ಎಂದಳು. ಅಕ್ಕೋರು, "ನೀವು ಸುಮ್ಮಕಿರ್ರಿ ಅಜ್ಜಿ. ಅಂವಾ ಓದಾಕತ್ತಾನ," ಎಂದು ಗದರಿದರು. ಕೊನೆಗೆ ಹುಡುಗ ನೇರ ನನ್ನ ಅವ್ವನ ಹತ್ತಿರ ಹೋಗಿ, "ನಿಮ್ಮದು ಅಜ್ಜಿ. ಕಡ್ಲಿ. ತರಿ," ಎಂದ. ಅವ್ವ ಚೀಟಿಯನ್ನು ತಿರುವಿ ತಿರುವಿ ನೋಡಿ, "ಯಾರು ಹೇಳಿದ್ರೋ ನಿನಗ?" ಎಂದಳು. "ಚೀಟ್ಯಾಗ ಐತಲ್ಲ," ಎಂದ ಅವನು.

ಒಬ್ಬೊಬ್ಬರಾಗಿ ಓದುತ್ತ ಹೋದರು. ಅಮೃತಾಳ ಸರದಿ ಬಂತು. ಅವಳು ಚೀಟಿ ತೆಗೆದಳು, ಅದರ ಮೇಲೆ ಬೆರಳನ್ನೂ ಇಟ್ಟಳು. ಆದರೆ ಕಣ್ಣು ಡಬ್ಬಿಯ ಮೇಲಿತ್ತು. ಕೂಡಲೇ ಓಡಿಹೋಗಿ ದೇವವ್ವನ ಕೈಗೆ ಕೊಟ್ಟಳು.

"ದೇವವ್ವಜ್ಜಿ, ನಿಮ್ಮದು. ಜ್ವಾಳಾ!"

ದೇವವ್ವ ನಕ್ಕಳು. "ಡಬ್ಬಿ ನಂದ ಖರೆ ಯವ್ವಾ. ಕಾಳು ನಂದಲ್ಲ."

"ಅದು ನನ್ನ ಗೋಧಿ ಕೂಸ," ಎಂದಳು ಪಕ್ಕದಲ್ಲಿದ್ದ ಶಮಶಾದಬಿ. "ನನ್ನ ಡಬ್ಬಿ ತೂತ ಬಿದ್ದಿತ್ತು, ಅಕಿದು ಇಸ್ಕೊಂಡ ಬಂದಿದ್ನಿ."

ಚೀಟಿಯಲ್ಲಿ ಶಮಶಾದಬಿ, ಗೋಧಿ, ಸಣ್ಣಗೆ ಎಂದೇ ಇತ್ತು. ಅಮೃತಾ ಅದನ್ನು ಓದಿರಲಿಲ್ಲ. ಮೂಲೆ ನೆಗ್ಗಿದ, ಹಸಿರು ಬಣ್ಣ ಹೋದ ಡಬ್ಬಿ ದೇವವ್ವನದು, ದೇವವ್ವ ತರುವುದು ಜೋಳ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅದನ್ನು ಕಲಿಸಿದವನು ನಾನು. ಇಪ್ಪತ್ತೆರಡು ವರ್ಷದಿಂದ ಗಿರಣಿ ನಡೆಸುತ್ತಿದ್ದೇನೆ, ಚೀಟಿ ಹಾಕಿರೆಂದು ಎಲ್ಲರಿಗೂ ಬೈಯುತ್ತೇನೆ, ಡಬ್ಬಿಯ ನೆಗ್ಗು ನೋಡಿಯೇ ಬೀಸುತ್ತೇನೆ. ಆ ಮುಂಜಾನೆ ನಾನೂ ಅದನ್ನು ದೇವವ್ವನ ಜೋಳವೆಂದೇ ಸಾಲಿನಲ್ಲಿ ಇಟ್ಟಿದ್ದೆ.

ಲೆಕ್ಕ ಹಾಕಿದರೆ ಹದಿಮೂರು ಮಕ್ಕಳು ಸರಿ, ಆರು ಮಕ್ಕಳು ತಪ್ಪು.

ಗೋಪಾಲ ಸರ್ ಮುಖ ಅರಳಿತ್ತು. "ಇಬ್ಬರಿಂದ ಹದಿಮೂರು ಅಂದ್ರ ಸಣ್ಣ ಮಾತಲ್ರಿ ಅಕ್ಕೋರ. ಉಳದ ಆರು ಮಂದಿಗೂ ಇವತ್ತಲ್ಲ ನಾಳೆ ಬರತದ. ಟಿಕ್ ಹಾಕಿಬಿಡ್ರಿ, ಎಲ್ಲಾರೂ ಸುಖದಿಂದ ಇರೂಣು."

"ನಾಳೆ ಬಂದ್ರ ನಾಳೆ ಹಾಕತೇನ್ರಿ ಸರ. ಇವತ್ತ ಹಾಕಿದ್ರ ಆ ಆರೂ ಮಂದಿ ಮೂರನೇ ಕ್ಲಾಸಿಗೆ ಹೋಗತಾರ. ಬರತೈತಿ ಅಂತ ಬರದದ್ದಿದ್ರ ಅಲ್ಲಿ ಅವರಿಗೆ ಅಕ್ಷರ ಯಾರು ಕಲಸ್ತಾರ್ರಿ? ಏಳನೇ ಕ್ಲಾಸಿನ ತನಕ ಹಿಂದ ಅನಕೋತ ಹೋಗತಾವ ಕೂಸು."

"ಹಿಂಗ ಮಾಡಿದ್ರ ಮುಂದಿನ ವರ್ಷ ನಿಮ್ಮ ಹೆಸರು ಬರೀಲಿಕ್ಕೆ ನನಗ ಆಗೂದಿಲ್ಲ, ನೋಡ್ರಿ."

"ಬರೀಬ್ಯಾಡ್ರಿ. ಬಸ್ಸ ಹತ್ತಿ ಊರಿಗೆ ಹೋಗತೇನಿ, ಹೊಲದಾಗ ಕಳೆ ತಗೀತೇನಿ. ಪಟ್ಟಿ ಮಾತ್ರ ಹಿಂಗ ಇರತೈತಿ."

ಅವರು ಪಟ್ಟಿಯನ್ನು ಗೋಪಾಲ ಸರ್ ಕೈಗೆ ತಿರುಗಿ ಕೊಟ್ಟರು.

ಗೋಪಾಲ ಸರ್ ನನ್ನ ಕಡೆ ತಿರುಗಿದರು. "ಸಕ್ರಪ್ಪ, ಅಧ್ಯಕ್ಷರ ಸಹಿ ಬೇಕಾಗತದ. ನಿಮ್ಮ ಮಗಳೂ ಆ ಆರರಾಗ ಇದ್ದಾಳ, ವಿಚಾರ ಮಾಡ್ರಿ."

ಸಿಟ್ಟು ಬಂತು. ಈ ಸಲ ಅಕ್ಕೋರ ಮೇಲಲ್ಲ. ಆ ಡಬ್ಬಿಯ ಮೇಲೆ, ನನ್ನ ಮೇಲೆ, ಸುಳ್ಳು ಬರೆದುಕೊಟ್ಟರೆ ಸಾಕೆನ್ನುವ ಆ ಕಾಗದದ ಮೇಲೆ.

"ವಿಚಾರ ಮಾಡೂದೇನೈತ್ರಿ? ಮಗಳು ನನ್ನಕಿ, ಓದಾಕ ಬರಂಗಿಲ್ಲ. ಕೊಡ್ರಿ ಇಲ್ಲೆ."

ಆರೂ ಹೆಸರುಗಳನ್ನು ಎಲ್ಲರಿಗೂ ಕೇಳುವಂತೆ ನಾನೇ ಓದಿದೆ. ನನ್ನದು ನಿಧಾನದ ಓದು, ಎಲ್ಲರೂ ಕಾದರು. ಅಮೃತಾ ಸಕ್ರಪ್ಪ, ಓದಲು ಬರುವುದಿಲ್ಲ ಎಂಬುದನ್ನೂ ಅಷ್ಟೇ ಜೋರಾಗಿ ಓದಿದೆ. ಕೆಳಗೆ ಸಹಿ ಹಾಕಿದೆ. ಕಾಗದದ ಮೇಲೆ ಹಿಟ್ಟಿನ ಬೆರಳು ಮೂಡಿತು, ಒರೆಸಲಿಲ್ಲ.

ಪಟ್ಟಿ ಹಾಗೇ ಹೋಯಿತು. ಗೋಪಾಲ ಸರ್ ಇಲಾಖೆಯ ಸಭೆಯಲ್ಲಿ ನಿಂತು ಬೈಸಿಕೊಂಡು ಬಂದರು. ಮೂರನೇ ದಿನ ಪಟ್ಟಿಯೇ ತಿರುಗಿ ಬಂತು, ಪರಿಶೀಲಿಸಿ ಸರಿಪಡಿಸಿ ಕಳಿಸಿ ಎಂದು. ಆ ಮೆತ್ತನೆಯ ಮನುಷ್ಯ ಗಿರಣಿಗೆ ಬಂದು, ನನ್ನ ಕಟ್ಟೆಯ ಮೇಲೆಯೇ ಕೂತು, ಅದರ ಕೆಳಗೆ ಎರಡು ಮಾತು ಬರೆದರು: ಪರಿಶೀಲಿಸಲಾಗಿದೆ, ಸರಿಯಾಗಿದೆ. ಮಾರ್ಚಿನಲ್ಲಿ ನಾಗರತ್ನಾ ಅಕ್ಕೋರನ್ನೇ ಮತ್ತೆ ಕೊಡಬೇಕು, ಬೇರೆ ಯಾರನ್ನೂ ಒಪ್ಪುವುದಿಲ್ಲ ಎಂದು ಸಮಿತಿ ಠರಾವು ಮಾಡಿತು. ಅದರಲ್ಲಿ ಮೊದಲ ಹೆಬ್ಬೆಟ್ಟು ದೇವವ್ವನದು. ಅವಳು ಸಮಿತಿಯಲ್ಲಿಲ್ಲ, ಹೇಳಿದರೆ ಕೇಳಲಿಲ್ಲ.

ಜೂನ್‌ನಲ್ಲಿ ಅಕ್ಕೋರು ಬಸ್ಸಿನಿಂದ ಇಳಿದವರೇ ಗಿರಣಿಗೆ ಬಂದು ಹಿಟ್ಟು ಕೇಳಿದರು. ಆ ಆರು ಮಕ್ಕಳು ಮೂರನೇ ತರಗತಿಗೆ ಹೋದರೂ ದಿನಾ ಒಂದು ತಾಸು ಅವರ ಕೋಣೆಯಲ್ಲೇ ಕೂಡುತ್ತಿದ್ದರು.

ಆಗಸ್ಟ್ ಕೊನೆಯ ಒಂದು ಸಂಜೆ ನಾನು ದೇವವ್ವನ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯುವುದರಲ್ಲಿದ್ದೆ. ಕಟ್ಟೆಯ ಮೇಲಿನ ಅಮೃತಾ ಚೀಟಿ ಹಿಡಿದು ಕೂಗಿದಳು.

"ಅಪ್ಪಾ, ತಡಿ! ಇದು ದೇವವ್ವಜ್ಜಿದಲ್ಲ. ಶಮಶಾದಬಿ ಅಜ್ಜಿದು. ಇನ್ನೂ ಡಬ್ಬಿ ತಿರುಗಿ ಕೊಟ್ಟೇ ಇಲ್ಲ ಅಕಿ!"

ಬಂದು ನೋಡಿದೆ. ಹೌದು. ಆದರೂ ನಂಬಿಕೆಯಾಗಲಿಲ್ಲ. ಚೀಟಿ ಕಸಿದುಕೊಂಡು, ತಲೆಕೆಳಗು ಮಾಡಿ, ಅವಳ ಮುಖಕ್ಕೆ ಹಿಡಿದೆ.

"ಈಗ ಓದು."

ಹುಡುಗಿ ಚೀಟಿ ನೋಡಿದಳು, ನನ್ನನ್ನು ನೋಡಿದಳು.

"ನೆಟ್ಟಗ ಹಿಡಿಯೋ ಅಪ್ಪಾ. ನಿನಗೇನ್ ಓದಾಕ ಬರಂಗಿಲ್ಲೇನ?"

ಮರುದಿನ ಅಕ್ಕೋರು ಪಟ್ಟಿ ತಂದರು. ಅಮೃತಾಳ ಹೆಸರಿನ ಮುಂದೆ ಅವರೇ ಟಿಕ್ ಹಾಕಿದರು, ನಾನು ಸಹಿ ಹಾಕಿದೆ. ಮೂವರ ಹೆಸರಿಗೆ ಅದಕ್ಕೂ ಮೊದಲೇ ಟಿಕ್ ಬಿದ್ದಿತ್ತು, ಆ ಆರರಲ್ಲಿ ಇನ್ನು ಇಬ್ಬರ ಹೆಸರು ಉಳಿದಿದೆ. ಅವರಿಗೆ ಓದು ಬಂದ ದಿನ ಅದೂ ಆಗುತ್ತದೆ. ಅಲ್ಲಿಯವರೆಗೆ ಎಲ್ಲಿಂದ ಎಷ್ಟು ಕಾಗದ ಬಂದರೂ ಆ ಎರಡು ಹೆಸರು ಅಲ್ಲೇ ಇರುತ್ತವೆ.