ದೆವ್ವ ಬಿಡಿಸಿದ ಕ್ಯಾಸೆಟ್ಟು

ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಮೊನೆಯನ್ನು ಸ್ಪೀಕರಿನ ಕಬ್ಬಿಣಕ್ಕೆ ಒತ್ತಿ, ಕಣ್ಣು ಮುಚ್ಚಿ ಕೂರುತ್ತಿದ್ದರು ಯಜಮಾನರು. ಮೊದಲ ಸಲ ನೋಡಿದಾಗ ಕರೆಂಟು ಹೊಡೆದಿದೆಯೆಂದು ಓಡಿಹೋಗಿ ಮೇನ್ ಸ್ವಿಚ್ ಆರಿಸಿದ್ದೆ.

"ಲೇ, ಸತ್ತಿಲ್ಲ ಕಣಲೇ! ಹಲ್ಲಿನಾಗೆ ಹಾಡು ಕೇಳ್ತಾ ಇದೀನಿ."

ಒಂದು ಕಿವಿ ಆಗಲೇ ಹೋಗಿತ್ತು. ಚಿಕ್ಕಜಾಜೂರು ಸ್ಟೇಷನ್ನಿನ ಎದುರು ಅವರ ಟೇಪ್ ರಿಪೇರಿ ಅಂಗಡಿ, ಹಿಂದೆಯೇ ಮನೆ. ಎಲ್ಲರಿಗೂ ಅವರು ಯಜಮಾನರು. ಕಾಲೇಜಿನ ರೈಲು ತಪ್ಪೀತೆಂದು ಒಂದು ಗಂಟೆ ಮೊದಲೇ ಬರುತ್ತಿದ್ದ ನನ್ನಂಥ ಪುಕ್ಕಲನಿಗೆ ಅಲ್ಲಿನ ಸ್ಟೂಲೇ ವೇಟಿಂಗ್ ರೂಮು.

ಒಂದು ಮಧ್ಯಾಹ್ನ, ರೈಲು ಬದಲಿಸಲು ಇಳಿದ ಬಿಳಿಯನೊಬ್ಬ ತನ್ನ ಪುಟ್ಟ ಟೇಪನ್ನು ರಿಪೇರಿಗೆ ತಂದ. ಅದರೊಳಗಿನ ಕ್ಯಾಸೆಟ್ಟಿನಲ್ಲಿ ತಗಡು ಕೊಯ್ಯುವಂಥ ಸದ್ದು. ಅದರ ಮೇಲೆ ಯಾರೋ ಗಂಟಲು ಹರಿದುಕೊಳ್ಳುತ್ತಿದ್ದ. ಯಜಮಾನರು ಇನ್ನೊಂದು ಟೇಪನ್ನು ಎದುರಿಗಿಟ್ಟು ಮೈಕಿನಲ್ಲೇ ನಕಲು ಇಳಿಸಿಕೊಂಡರು. ಯಾರದೋ ಮೈಮೇಲೆ ಬಂದದ್ದನ್ನು ಬಿಡಿಸುತ್ತಿದ್ದಾರೆಂದೇ ಅವರ ತೀರ್ಮಾನ. 'ದೆವ್ವ ಬಿಡಿಸಿದ್ದು' ಎಂದು ಚೀಟಿ ಅಂಟಿಸಿ, ಮುಂಜಾಗ್ರತೆಗೆ ಕರಿದಾರ ಸುತ್ತಿಟ್ಟರು. ಅದು ಪಂಕ್ ಎಂಬ ಬಿರುಸಿನ ಇಂಗ್ಲಿಷ್ ಸಂಗೀತ, ಅದರ ಮೊದಮೊದಲ ದಿನಗಳದ್ದು ಎಂದು ನನಗೆ ತಿಳಿದದ್ದು ತಲೆ ನರೆತ ಮೇಲೆ. ಹಾಡಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ಉಳಿದ ಕಿವಿಯೂ ಮಂದವಾಗುತ್ತ ಬಂದಾಗ ಅವರು ಹವಾಮಾನ ವರದಿಯಂತೆ ಹೇಳಿದ್ದರು: "ಮೊದ್ಲು ಗುಬ್ಬಿ ಹೋಗ್ತಾವಪ್ಪ. ಆಮ್ಯಾಲೆ ಹೆಂಗಸರ ದನಿ. ರೈಲು ಕೊನೀಗೆ."

ಹಾಗೇ ಆಯಿತು. ಹೆಂಡತಿಯ ದನಿ ಹೋಯಿತು, ಆಮೇಲೆ ಹೆಂಡತಿಯೂ ಹೋದರು. ಹೋದ ವರ್ಷ ನೋಡಲು ಹೋದಾಗ, ಗೇಟಿನಾಚೆ ಗೂಡ್ಸ್ ಗಾಡಿ ನೆಲ ನಡುಗಿಸಿಕೊಂಡು ಹೋದರೂ ಅವರು ತಲೆ ಎತ್ತಲಿಲ್ಲ. ನನ್ನನ್ನು ಕಂಡವರೇ ಅಟ್ಟದತ್ತ ಕೈ ತೋರಿಸಿದರು.

"ಆ ದೆವ್ವದ ಕ್ಯಾಸೆಟ್ ಹುಡುಕು. ಅವತ್ತು ಮೈಕ್ ಇಟ್ಟಾಗ ನಮ್ಮಾಕಿ ಉಣ್ಣಾಕ್ ಕರೆದಿದ್ಲು. ಅವಳ ದನಿ ಅಂತ ಉಳಿದಿರಾದು ಅದೊಂದೇ ಕಣಪ್ಪ."

ಬಿಚ್ಚಿಹಾಕಿದ ರೇಡಿಯೋಗಳಡಿ ಸಿಕ್ಕಿತು. ಕರಿದಾರ ಮುಟ್ಟಿದರೆ ಪುಡಿ. ಕ್ಯಾಸೆಟ್ಟನ್ನು ಟೇಪಿಗೆ ಹಾಕಿದೆ. ಯಜಮಾನರು ಸ್ಕ್ರೂಡ್ರೈವರ್ ಕಚ್ಚಿದರು, ಕೆನ್ನೆ ಅದುರಿತು. "ಬಂತು ಲೇ ದೆವ್ವ!" ಅರಚಾಟ ಹಲ್ಲಿಗೆ ತಾಗುತ್ತಿತ್ತು. ಒಳಗಿನಿಂದ ಕರೆದ ಹೆಂಡತಿಯ ದನಿ ತಾಗುವಂತಿರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ನನ್ನ ಮುಖವನ್ನೇ ನೋಡುತ್ತಿದ್ದರು.

"ಬಂದ್ಲಾ?"

ನನಗೆ ಬರೀ ತಗಡಿನ ಸದ್ದು. ಟೇಪು ಸವೆದಿರಬೇಕು ಅಂದುಕೊಂಡು, ಬಂದರು ಎಂದು ತಲೆಯಾಡಿಸಿದೆ.

"ಸಿಟ್ಟಾಗಿದ್ಲಾ?"

ಪಾಪ, ಮುದುಕರಿಗೆ ಸಮಾಧಾನವಾಗಲಿ ಎಂದು, ಇಲ್ಲವೇ ಇಲ್ಲ ಎಂದು ಕೈಯಾಡಿಸಿದೆ.

"ಹಂಗಾದ್ರೆ ಅವಳಲ್ಲ ಬಿಡು," ಎಂದು ನಕ್ಕರು. ನಗು ನಿಂತ ಮೇಲೂ ನನ್ನನ್ನೇ ನೋಡಿದರು. ಕ್ಯಾಸೆಟ್ಟು ತೆಗೆದು, ಸ್ಕ್ರೂಡ್ರೈವರಿನ ಹಿಡಿಯನ್ನು ಪಂಚೆಗೆ ಒರೆಸಿ, ಎರಡನ್ನೂ ನನ್ನ ಜೇಬಿಗೆ ಹಾಕಿದರು. "ಇಟ್ಕ. ಬೇಕಾಗ್ತೈತೆ."

ಮಳೆಗಾಲ ಮುಗಿಯುವುದರೊಳಗೆ ತೀರಿಕೊಂಡರು. ಅವರಿಗೆ ಹೇಳಿದ ಸುಳ್ಳು ಒಳಗೇ ಕೊರೆಯುತ್ತಿತ್ತು. ಮೊನ್ನೆ ಬೆಳಿಗ್ಗೆ ಮನೆಯ ಹಳೇ ಟೇಪಿನಲ್ಲಿ ಆ ಕ್ಯಾಸೆಟ್ಟು ಹಾಕಿ, ಕಿವಿಗೊಟ್ಟು ಕೂತೆ. ತಗಡು, ಅರಚಾಟ, ಅಷ್ಟೇ. ಅಡುಗೆಮನೆಯಿಂದ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. ಏನೋ ಅಂದಳು. "ಆಂ?" ಎಂದೆ. ಜೋರಾಗಿ ಅಂದಳು:

"ಯಾರ್ರೀ ಆ ಹೆಂಗಸು, ಅಷ್ಟು ಸಿಟ್ಟಲ್ಲಿ ಉಣ್ಣಾಕ್ ಕರೀತಿರಾದು?"

ಟೇಪು ಆರಿಸಿದೆ. ಕಿಟಕಿಯಾಚೆ ಕಾಂಪೌಂಡಿನ ಮೇಲೆ ಎರಡು ಗುಬ್ಬಿ ಕೂತಿದ್ದವು. ಕೊಕ್ಕು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.